ಲಾರೆನ್ಸನ ಮರಳುಗಾಡಿನಲ್ಲಿ ಬದೂ ಅರಬರು ಎಲ್ಲಿ?

ಟಿ.ಇ. ಲಾರೆನ್ಸ್ ಎಂಬ ಹೆಸರಿಗೆ ನಮ್ಮಲ್ಲಿ ಎರಡು ಅರ್ಥಗಳಿವೆ. ಇಂಗ್ಲಿಷ್ ಸಾಹಿತ್ಯ ಓದಿಕೊಂಡವರಿಗೆ, ಹಳೆಯ ಸಿನೆಮಾಗಳನ್ನು ಮೆಚ್ಚುವವರಿಗೆ ಅವನು ಬಿಳಿ ರೇಷ್ಮೆಯ ನಿಲುವಂಗಿ ತೊಟ್ಟು ಒಂಟೆಯೇರಿ ಬಂದ ವೀರ. ಚದುರಿಹೋಗಿದ್ದ ಮರಳುಗಾಡಿನ ಅಲೆಮಾರಿಗಳನ್ನು ಒಗ್ಗೂಡಿಸಿ ಅವರಿಗೆ ಸ್ವಾತಂತ್ರ್ಯದ ರುಚಿ ತೋರಿಸಿದವನು. ಮುಸ್ಲಿಂ ಪತ್ರಿಕೆಗಳನ್ನು, ಖಿಲಾಫತ್ ಚಳವಳಿಯ ಚರಿತ್ರೆಯನ್ನು ಓದಿ ಬೆಳೆದವರಿಗೆ ಅವನೊಬ್ಬ ಗೂಢಚಾರ. ಅರಬರನ್ನು ತುರ್ಕಿಯರ ಮೇಲೆ ಎತ್ತಿಕಟ್ಟಿ ಉಸ್ಮಾನಿಯಾ ಸಾಮ್ರಾಜ್ಯವನ್ನು ಒಳಗಿನಿಂದ ಒಡೆದವನು. ಈ ಎರಡು ಚಿತ್ರಗಳು ಒಂದಕ್ಕೊಂದು ವಿರುದ್ಧವೆಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಸ್ವಲ್ಪ ನಿಂತು ನೋಡಿದರೆ ಎರಡರ ಒಳಗಿನ ಕತೆಯೂ ಒಂದೇ. ಎರಡರಲ್ಲೂ ಅರೇಬಿಯಾದಲ್ಲಿ ನಡೆದುದನ್ನೆಲ್ಲ ನಡೆಸಿದವನು ಒಬ್ಬ ಆಂಗ್ಲ. ಅರಬರು ಅವನ ಕೈಯ ಪಗಡೆಕಾಯಿಗಳು. ಒಂದು ಪಕ್ಷ ಅದಕ್ಕಾಗಿ ಅವನನ್ನು ಹೊಗಳುತ್ತದೆ, ಇನ್ನೊಂದು ಶಪಿಸುತ್ತದೆ, ಅಷ್ಟೇ ವ್ಯತ್ಯಾಸ.

ಆತನ ಬದುಕಿನ ಹೊರ ವಿವರಗಳು ಪ್ರಸಿದ್ಧವೇ. 1888ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ ಓದಿದ. ಶಿಲುಬೆ ಯುದ್ಧಗಳ ಕಾಲದ ಕೋಟೆಗಳ ಬಗ್ಗೆ ಪ್ರಬಂಧ ಬರೆಯಲೆಂದು 1909ರಲ್ಲಿ ಸಿರಿಯಾವನ್ನು ಕಾಲ್ನಡಿಗೆಯಲ್ಲಿ ಸುತ್ತಿದ. 1911ರಿಂದ ಫುರಾತ್ ನದಿಯ ದಂಡೆಯ ಕಾರ್ಕೆಮಿಶ್‌ನಲ್ಲಿ ಉತ್ಖನನದ ಕೆಲಸ. 1914ರ ಆರಂಭದಲ್ಲಿ ಸಿನಾಯಿ ಸೀಮೆಯಲ್ಲಿ ಬೈಬಲಿನ ಕಾಲದ ಸ್ಥಳಗಳ ಸಮೀಕ್ಷೆ ಎಂಬ ಹೆಸರಿನಲ್ಲಿ ಸೇನೆಯ ನಕ್ಷೆ ತಯಾರಿ ನಡೆಯಿತು, ಅದರಲ್ಲಿ ಆತನೂ ಇದ್ದ. ಯುದ್ಧ ಆರಂಭವಾದ ಮೇಲೆ ಅದೇ ವರ್ಷದ ಡಿಸೆಂಬರಿನಲ್ಲಿ ಕೈರೋದ ಬೇಹುಗಾರಿಕೆ ವಿಭಾಗಕ್ಕೆ ಬಂದ. ಮಕ್ಕಾದ ಶರೀಫ್ ಹುಸೈನ್ 1916ರ ಜೂನ್‌ನಲ್ಲಿ ತುರ್ಕಿಯರ ವಿರುದ್ಧ ಬಂಡೆದ್ದ ನಾಲ್ಕು ತಿಂಗಳ ನಂತರ, ಅಕ್ಟೋಬರಿನಲ್ಲಿ ಆತ ಜಿದ್ದಾದಲ್ಲಿ ಇಳಿದ. ಈ ಕೊನೆಯ ಮಾತನ್ನು ಗಮನಿಸಬೇಕು. ಬಂಡಾಯ ಮೊದಲು, ಲಾರೆನ್ಸ್ ಆಮೇಲೆ.

ಆತ ಬದೂ ಅರಬರ ನಡುವೆ ಹೇಗೆ ಬದುಕಿದ ಎಂದು ತಿಳಿಯಲು ಹೆಚ್ಚಿನವರು 'ಸೆವೆನ್ ಪಿಲ್ಲರ್ಸ್ ಆಫ್ ವಿಸ್ಡಮ್' ಎಂಬ ಆತನ ಬೃಹತ್ ಗ್ರಂಥವನ್ನು ತೆರೆಯುತ್ತಾರೆ. ಅದಕ್ಕೂ ಮೊದಲು ಓದಬೇಕಾದುದು ಕೆಲವೇ ಪುಟಗಳ ಇನ್ನೊಂದು ಬರಹ ಎಂದು ನಮಗನಿಸುತ್ತದೆ. 1917ರ ಆಗಸ್ಟಿನಲ್ಲಿ ಕೈರೋದ ಬ್ರಿಟಿಷ್ ಅಧಿಕಾರಿಗಳ ಗುಪ್ತ ಪತ್ರಿಕೆಯಾದ 'ಅರಬ್ ಬುಲೆಟಿನ್'ನಲ್ಲಿ ಆತ ಇಪ್ಪತ್ತೇಳು ಸೂತ್ರಗಳನ್ನು ಬರೆದ. ಬದೂ ಅರಬರ ಜೊತೆ ವ್ಯವಹರಿಸುವುದು ಹೇಗೆ ಎಂದು ತನ್ನ ಜೊತೆ ಅಧಿಕಾರಿಗಳಿಗೆ ಕೊಟ್ಟ ಸಲಹೆಗಳವು. ನೇರವಾಗಿ ಅಪ್ಪಣೆ ಕೊಡಬೇಡಿ. ನಾಯಕನ ವಿಶ್ವಾಸ ಗಳಿಸಿ, ಅವನ ಜನರ ಮುಂದೆ ಅವನ ಘನತೆಯನ್ನು ಹೆಚ್ಚಿಸಿ. ಅವನು ಮುಂದಿಟ್ಟ ಯೋಜನೆಯನ್ನು ತಳ್ಳಿಹಾಕದೆ ಮೆಚ್ಚಿ, ಬಳಿಕ ಅವನಿಗೇ ತಿಳಿಯದಂತೆ ನಿಮಗೆ ಬೇಕಾದತ್ತ ತಿರುಗಿಸಿ. ಅವರ ಉಡುಗೆ ತೊಡುವುದಾದರೆ ಶ್ರೇಷ್ಠವಾದುದನ್ನೇ ತೊಡಿ. ಅವರು ತಮ್ಮ ಕೈಯಾರೆ ಮಾಡುವುದನ್ನು ನೀವು ಇನ್ನೂ ಚೆನ್ನಾಗಿ ಮಾಡಲು ಹೋಗಬೇಡಿ. ಸದಾ ಕಿವಿ ತೆರೆದಿರಿ, ಗಮನ ಎಂದೂ ಸಡಿಲಿಸಬೇಡಿ. ಸಾರಾಂಶ ಹೀಗಿದೆ.

ಇದನ್ನು ಓದುವಾಗ ಮೊದಲು ಹುಟ್ಟುವುದು ಮೆಚ್ಚುಗೆಯೇ. ಅರಬರನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ ಬ್ರಿಟಿಷ್ ಅಧಿಕಾರಿಗಳು ಎಷ್ಟು ಮಂದಿ? ಅವರ ಊಟದ ತಟ್ಟೆಯಲ್ಲೇ ಕೈಹಾಕಿ ಉಂಡ, ಅವರಂತೆಯೇ ನೀರಿಲ್ಲದೆ ದಿನಗಳನ್ನು ಕಳೆದ. ಅದೆಲ್ಲ ನಿಜ. ಆದರೆ ಈ ಸೂತ್ರಗಳಲ್ಲಿ ಇರುವುದು ಯಾವ ಬಗೆಯ ತಿಳಿವಳಿಕೆ? ನೆರೆಯವನು ನೆರೆಯವನನ್ನು ಅರಿಯುವ ಬಗೆಯದ್ದಲ್ಲ, ಪಳಗಿಸುವವನು ಕುದುರೆಯನ್ನು ಅರಿಯುವ ಬಗೆಯದ್ದು. ಅವರ ಆತಿಥ್ಯ, ಅವರ ಮಾನ, ಅವರ ವಂಶಾವಳಿ ಎಲ್ಲವೂ ಅಲ್ಲಿ ಹಿಡಿದೆಳೆಯಬಹುದಾದ ಹಗ್ಗಗಳಾಗಿವೆ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿದ ನಂತರ ಅಲ್ಲಿಗೆ ಹೋದ ಅದರ ಸೇನಾಧಿಕಾರಿಗಳು ಈ ಇಪ್ಪತ್ತೇಳು ಸೂತ್ರಗಳನ್ನು ಹುಡುಕಿ ಓದಿದರು. 2006ರಲ್ಲಿ ಡೇವಿಡ್ ಕಿಲ್ಕಲನ್ ಎಂಬ ಆಸ್ಟ್ರೇಲಿಯಾದ ಸೇನಾ ತಜ್ಞ ಅದೇ ಮಾದರಿಯಲ್ಲಿ ಇಪ್ಪತ್ತೆಂಟು ಸೂತ್ರಗಳನ್ನು ಬರೆದ. ಸುಮಾರು ತೊಂಬತ್ತು ವರ್ಷಗಳ ನಂತರವೂ ಒಂದು ಬರಹ ಇಂಥವರಿಗೆ ಇಷ್ಟು ಉಪಯೋಗಕ್ಕೆ ಬಂತೆಂದರೆ ಅದರ ಪ್ರೀತಿ ಯಾವ ತರದ್ದೆಂದು ಊಹಿಸುವುದು ಕಷ್ಟವಲ್ಲ.

ಇನ್ನು ಆ ದೊಡ್ಡ ಪುಸ್ತಕ. 1926ರಲ್ಲಿ ಅದು ಚಂದಾದಾರರಿಗೆ ಮಾತ್ರ ಸಿಗುವಂತೆ ಅಚ್ಚಾಯಿತು. ಸಾರ್ವಜನಿಕರ ಕೈಗೆ ಬಂದದ್ದು 1935ರಲ್ಲಿ, ಮೋಟಾರ್ ಸೈಕಲ್ ಅಪಘಾತದಲ್ಲಿ ಲಾರೆನ್ಸ್ ಸತ್ತ ಮೇಲೆ. ಅದರ ಗದ್ಯದ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಮರಳು, ಹಸಿವು, ಒಂಟೆಯ ನಡಿಗೆ, ಬಾವಿಯ ನೀರಿನ ರುಚಿ ಇವುಗಳನ್ನು ಇಷ್ಟು ಚೆನ್ನಾಗಿ ಬರೆದವರು ವಿರಳ. ಆದರೆ ಈ ಪುಸ್ತಕ ಹೆಸರು ಮಾಡಿದ್ದು ಅದರ ತಪ್ಪೊಪ್ಪಿಗೆಯಿಂದ. ಅರಬರಿಗೆ ಸ್ವಾತಂತ್ರ್ಯದ ಆಸೆ ತೋರಿಸುವಾಗ ಆ ಭರವಸೆ ಈಡೇರುವುದಿಲ್ಲವೆಂಬ ಅರಿವು ತನಗಿತ್ತು, ಅದಕ್ಕಾಗಿ ತಾನು ನಿರಂತರ ನಾಚಿಕೆಪಟ್ಟೆ ಎಂದು ಆತ ಬರೆಯುತ್ತಾನೆ. 1916ರ ಮೇ ತಿಂಗಳಲ್ಲೇ ಬ್ರಿಟನ್ ಮತ್ತು ಫ್ರಾನ್ಸ್ ಸೈಕ್ಸ್–ಪಿಕೋ ಒಪ್ಪಂದದ ಮೂಲಕ ಅರಬ್ ನೆಲವನ್ನು ನಕ್ಷೆಯ ಮೇಲೆ ಹಂಚಿಕೊಂಡಿದ್ದವು. ಓದುಗ ಇಲ್ಲಿ ಯಾರಿಗಾಗಿ ಮರುಗುತ್ತಾನೆ? ಮೋಸ ಹೋದವರಿಗಾಗಿ ಅಲ್ಲ, ಮೋಸ ಮಾಡಬೇಕಾಗಿ ಬಂದವನ ಮನೋವೇದನೆಗಾಗಿ! ಒಂದು ಜನಾಂಗಕ್ಕೆ ಆದ ಅನ್ಯಾಯ ಒಬ್ಬ ಲೇಖಕನ ಅಂತರಂಗದ ದುರಂತವಾಗಿ ಬದಲಾಗುವ ಈ ಚಮತ್ಕಾರವೇ ಆ ಪುಸ್ತಕದ ದೊಡ್ಡ ಸಾಧನೆ, ದೊಡ್ಡ ಅಪಾಯ ಕೂಡ.

ವಿಪರ್ಯಾಸವೆಂದರೆ ಈ ಓದನ್ನು ಮುರಿಯುವ ಸಾಕ್ಷ್ಯ ಅದೇ ಪುಸ್ತಕದಲ್ಲಿದೆ. ರುವಲಾ ಕಬೀಲದ ಮುಖಂಡ ನೂರಿ ಶಅಲಾನ್ ಲಾರೆನ್ಸನನ್ನು ತನ್ನ ಡೇರೆಗೆ ಕರೆಸಿ ಬ್ರಿಟಿಷರ ದಾಖಲೆಗಳ ಕಟ್ಟೊಂದನ್ನು ಮುಂದಿಡುತ್ತಾನೆ. ಇವು ಒಂದಕ್ಕೊಂದು ಹೊಂದುವುದಿಲ್ಲ, ಯಾವುದನ್ನು ನಂಬಲಿ ಎಂದು ಕೇಳುತ್ತಾನೆ. ಕೊನೆಯ ತಾರೀಕಿನದ್ದನ್ನು ನಂಬು ಎಂದು ಲಾರೆನ್ಸ್ ಉತ್ತರಿಸುತ್ತಾನೆ. ಆ ಉತ್ತರದಿಂದ ತನ್ನ ಮನಸ್ಸಿಗಾದ ಸಂಕಟವನ್ನು ಅವನು ವಿವರಿಸುತ್ತಾನೆ, ವಿಮರ್ಶಕರೂ ಅದನ್ನೇ ಎತ್ತಿ ಹೇಳುತ್ತಾರೆ. ನಮ್ಮ ಕಣ್ಣು ನಿಲ್ಲುವುದು ಆ ಕಾಗದದ ಕಟ್ಟಿನ ಮೇಲೆ. ಮರಳುಗಾಡಿನ ನಡುವೆ ಒಬ್ಬ ವೃದ್ಧ ಮುಖಂಡ ಸಾಮ್ರಾಜ್ಯವೊಂದರ ಮಾತುಗಳನ್ನು ಕೂಡಿಟ್ಟು, ಒಂದಕ್ಕೊಂದು ತಾಳೆ ನೋಡಿ, ಪ್ರತಿನಿಧಿಯನ್ನು ಕೂರಿಸಿಕೊಂಡು ಪ್ರಶ್ನಿಸುತ್ತಿದ್ದಾನೆ. ಈತ ಮುಗ್ಧನೇ? ಆ ಪ್ರಶ್ನೆ ಕೇಳಿದ ಮೇಲೆ, ಆ ಜಾರುವ ಉತ್ತರ ಕೇಳಿಸಿಕೊಂಡ ಮೇಲೆ, ನೂರಿ ಶಅಲಾನ್ ತನ್ನ ಮನಸ್ಸಿನಲ್ಲಿ ಏನೆಂದುಕೊಂಡ? ಅದು ಪುಸ್ತಕದಲ್ಲಿಲ್ಲ.

ಔದಾ ಅಬೂ ತಾಯಿಯ ವಿಷಯವೂ ಹಾಗೆಯೇ. ಹುವೈತಾತ್ ಕಬೀಲದ ಈ ಮುಖಂಡನಿಲ್ಲದೆ ಅಕಬಾ ಬಂದರು 1917ರ ಜುಲೈ 6ರಂದು ಬಂಡಾಯಗಾರರ ವಶವಾಗುತ್ತಿರಲಿಲ್ಲ. ಆ ದಂಡಿನ ಅಧಿಕೃತ ನಾಯಕ ಶರೀಫ್ ನಾಸಿರ್. ದಾರಿಯುದ್ದಕ್ಕೂ ಜನ ಕೂಡಿಸಿದ್ದು ಔದಾನ ಹೆಸರು. ಅಕಬಾಕ್ಕೆ ಮುಂಚೆ ಅಬೂ ಅಲ್–ಲಿಸಾನ್‌ನಲ್ಲಿ ನಡೆದ ನಿರ್ಣಾಯಕ ಕಾಳಗದಲ್ಲಿ ಕುದುರೆ ಸವಾರರನ್ನು ಮುನ್ನಡೆಸಿ ತುರ್ಕಿ ಪಡೆಯ ಮೇಲೆ ಎರಗಿದವನೂ ಔದಾನೇ. ಆ ಹೊತ್ತಿನಲ್ಲಿ ಲಾರೆನ್ಸ್ ಏನು ಮಾಡುತ್ತಿದ್ದ? ಧಾವಂತದಲ್ಲಿ ಪಿಸ್ತೂಲು ಹಾರಿಸುತ್ತ ತನ್ನದೇ ಒಂಟೆಯ ತಲೆಗೆ ಗುಂಡಿಟ್ಟು ನೆಲಕ್ಕೆ ಬಿದ್ದಿದ್ದ. ಇದನ್ನು ಬರೆದವನು ಲಾರೆನ್ಸೇ, ಅಷ್ಟು ಪ್ರಾಮಾಣಿಕತೆ ಅವನಲ್ಲಿತ್ತು. ಅಕಬಾದ ಮೇಲೆ ಒಳನಾಡಿನಿಂದ ದಾಳಿ ಮಾಡುವ ಆಲೋಚನೆ ಅರಬ್ ನಾಯಕರದ್ದೇ ಎಂದು ಜೋರ್ಡಾನಿನ ಇತಿಹಾಸಕಾರ ಸುಲೈಮಾನ್ ಮೂಸಾ ವಾದಿಸಿದ್ದಾರೆ. ಅರಬ್ ಮೂಲಗಳನ್ನೂ ಬದುಕಿದ್ದವರ ನೆನಪುಗಳನ್ನೂ ಮುಂದಿಟ್ಟುಕೊಂಡು ಬರೆದ ಅವರ ಪುಸ್ತಕ ಇಂಗ್ಲಿಷಿಗೆ ಬಂದದ್ದು 1966ರಲ್ಲಿ. ಅವರ ಎಲ್ಲ ವಾದಗಳನ್ನೂ ಒಪ್ಪಬೇಕಿಲ್ಲ, ಕೆಲವೆಡೆ ಅವರು ಲಾರೆನ್ಸನ ಪಾಲನ್ನು ತೀರಾ ಕಿರಿದುಗೊಳಿಸುತ್ತಾರೆ. ಆದರೆ ಲಾರೆನ್ಸನ ಬಗ್ಗೆ ಮಾತನಾಡುವವರಲ್ಲಿ ಅದನ್ನು ಓದಿದವರು ಬಹಳ ಕಡಿಮೆ.

ಅದಕ್ಕೆ ಕಾರಣ ಸಿನೆಮಾ. ಡೇವಿಡ್ ಲೀನ್ ಅವರ 'ಲಾರೆನ್ಸ್ ಆಫ್ ಅರೇಬಿಯಾ' 1962ರಲ್ಲಿ ಬಂತು, ಏಳು ಆಸ್ಕರ್‌ಗಳನ್ನು ಗೆದ್ದಿತು. ಮೂರೂವರೆ ತಾಸಿಗೂ ಮೀರಿದ ಚಿತ್ರದಲ್ಲಿ ಮಾತನಾಡುವ ಒಬ್ಬ ಹೆಣ್ಣೂ ಇಲ್ಲ. ಅಮೀರ್ ಫೈಸಲ್ ಆಗಿ ನಟಿಸಿದವರು ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್. (ಇಪ್ಪತ್ತೆರಡು ವರ್ಷಗಳ ನಂತರ ಇದೇ ನಿರ್ದೇಶಕ ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳ ನಡುವೆ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರೀಕರಿಸಿದಾಗ ಬ್ರಾಹ್ಮಣ ಗೋಡಬೋಲೆಯ ಪಾತ್ರಕ್ಕೂ ಇದೇ ಗಿನ್ನೆಸ್ ಬೇಕಾದರು.) ಅಕಬಾದ ಯೋಜನೆ ಚಿತ್ರದಲ್ಲಿ ಹೊಳೆಯುವುದು ರಾತ್ರಿಯಿಡೀ ಮರಳಿನಲ್ಲಿ ಒಬ್ಬನೇ ಕುಳಿತ ಲಾರೆನ್ಸನಿಗೆ. ಔದಾ ಹಣದಾಸೆಯ, ಗದ್ದಲದ ಮನುಷ್ಯನಾಗಿ ಕಾಣಿಸುತ್ತಾನೆ. ಔದಾನ ಮನೆಯವರು ಇದನ್ನು ಆಕ್ಷೇಪಿಸಿ ನಿರ್ಮಾಪಕರ ಮೇಲೆ ಮೊಕದ್ದಮೆ ಹೂಡಿದರು.

ಚಿತ್ರದ ಅತಿ ಪ್ರಸಿದ್ಧ ಪ್ರಸಂಗ ಕಾಸಿಮನದ್ದು. ಆ ಪಾತ್ರದಲ್ಲಿ ನಮ್ಮ ಹಿಂದಿ ಚಿತ್ರರಂಗದ ಐ.ಎಸ್. ಜೋಹರ್ ನಟಿಸಿದ್ದಾರೆ. ನಫೂದ್ ಮರಳುಗಾಡನ್ನು ದಾಟುವಾಗ ಕಾಸಿಮ್ ಒಂಟೆಯಿಂದ ಬಿದ್ದು ಹಿಂದೆ ಉಳಿಯುತ್ತಾನೆ. ಅವನ ಸಮಯ ಬಂದಿದೆ, ಅದು ವಿಧಿಲಿಖಿತ ಎಂದು ಅರಬರು ಮುಂದೆ ಸಾಗುತ್ತಾರೆ. ಲಾರೆನ್ಸ್ ಒಬ್ಬನೇ ಹಿಂದಿರುಗಿ ಅವನನ್ನು ಕರೆತಂದು, ವಿಧಿಯನ್ನು ಮನುಷ್ಯನೇ ಬರೆಯಬಲ್ಲನೆಂದು ತೋರಿಸುತ್ತಾನೆ. ಆಮೇಲೆ ಕಬೀಲಗಳ ನಡುವೆ ವೈರ ಹೊತ್ತದಂತೆ ಅದೇ ಕಾಸಿಮನನ್ನು ತನ್ನ ಕೈಯಾರೆ ಕೊಲ್ಲಬೇಕಾಗುತ್ತದೆ. ನಾಟಕ ಬಹಳ ಚೆನ್ನಾಗಿದೆ. ಆದರೆ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಘಟನೆಗಳು. ಲಾರೆನ್ಸ್ ಗುಂಡಿಟ್ಟು ಕೊಂದದ್ದು ಹಾಮಿದ್ ಎಂಬ ಇನ್ನೊಬ್ಬನನ್ನು, ಕಾಸಿಮ್ ಕಳೆದುಹೋಗುವುದಕ್ಕೆ ಎರಡು ತಿಂಗಳ ಹಿಂದೆ. ಕಾಸಿಮನನ್ನು ಕರೆತರುವಾಗ ದಾರಿಯಲ್ಲಿ ಎದುರಾದವನು ಅವರನ್ನು ಹುಡುಕಿಕೊಂಡು ಹಿಂದಿರುಗಿದ್ದ ಔದಾ! ಅಂದರೆ ಚಿತ್ರಕತೆಗಾರರು ಅರಬರ ತಲೆಯ ಮೇಲೆ ಹೇರಿದ ವಿಧಿವಾದ ಮೂಲದಲ್ಲಿಲ್ಲ. ತಕ್ದೀರ್ ಎಂದರೆ ಕೈಕಟ್ಟಿ ಕೂರುವುದೆಂಬ ಅರ್ಥವನ್ನು ಈ ಜನರಿಗೆ ಅಂಟಿಸುವ ಚಾಳಿ ಯೂರೋಪಿನಲ್ಲಿ ಹಳೆಯದು. ಮೊದಲು ಒಂಟೆಯನ್ನು ಕಟ್ಟು, ನಂತರ ಅಲ್ಲಾಹನಲ್ಲಿ ಭರವಸೆಯಿಡು ಎಂದು ಪ್ರವಾದಿ(ಸ)ಯವರು ಹೇಳಿಕೊಟ್ಟದ್ದು ಇಂಥ ಒಬ್ಬ ಒಂಟೆಯವನಿಗೇ ಎಂಬುದು ನಮ್ಮ ಓದುಗರಿಗೆ ಗೊತ್ತಿದೆ.

ಚಿತ್ರದ ಕೊನೆಯ ಭಾಗವಂತೂ ಇನ್ನೂ ಕ್ರೂರ. 1918ರ ಅಕ್ಟೋಬರಿನಲ್ಲಿ ದಮಸ್ಕಸ್ ಕೈಗೆ ಬಂದ ಮೇಲೆ ಅರಬರು ಮೇಜು ಕುಟ್ಟುತ್ತ ಜಗಳವಾಡುತ್ತಾರೆ, ವಿದ್ಯುತ್ ನಿಲ್ಲುತ್ತದೆ, ನೀರಿಲ್ಲ, ಕೊನೆಗೆ ಒಬ್ಬೊಬ್ಬರಾಗಿ ಮರಳುಗಾಡಿಗೆ ಮರಳುತ್ತಾರೆ. ಈ ಜನ ಕಾದಾಡಬಲ್ಲರು, ಆಳಲಾರರು ಎಂಬುದು ಅದರ ತಾತ್ಪರ್ಯ. ಲಾರೆನ್ಸನ ಪುಸ್ತಕ ಕೂಡ ಹೀಗೆ ಹೇಳುವುದಿಲ್ಲ. ಕೆಲವೇ ದಿನಗಳಲ್ಲಿ ದೀಪ ಉರಿದವು, ಆಡಳಿತ ನೆಲೆಗೊಂಡಿತು ಎಂದೇ ಆತ ಬರೆಯುತ್ತಾನೆ. ಚರಿತ್ರೆ ಇನ್ನೂ ಮುಂದೆ ಹೋಗುತ್ತದೆ. ಫೈಸಲ್ ಅವರ ಆಡಳಿತ ದಮಸ್ಕಸ್‌ನಲ್ಲಿ ಸುಮಾರು ಇಪ್ಪತ್ತೆರಡು ತಿಂಗಳು ನಡೆಯಿತು. 1920ರ ಮಾರ್ಚ್ 8ರಂದು ಸಿರಿಯನ್ ಕಾಂಗ್ರೆಸ್ ಸ್ವಾತಂತ್ರ್ಯ ಘೋಷಿಸಿತು, ಸಂವಿಧಾನದ ಕರಡು ತಯಾರಿಸಿತು. ಆ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರಲ್ಲಿ ಒಬ್ಬರು 'ಅಲ್ ಮನಾರ್' ಪತ್ರಿಕೆಯ ಸಂಪಾದಕ, ವಿದ್ವಾಂಸ ರಶೀದ್ ರಿದಾ. ಅದನ್ನು ಮುಗಿಸಿದ್ದು ಅರಬರ ಅಸಮರ್ಥತೆಯಲ್ಲ, 1920ರ ಜುಲೈ 24ರಂದು ಮೈಸಲೂನ್‌ನಲ್ಲಿ ಗರ್ಜಿಸಿದ ಫ್ರೆಂಚರ ಫಿರಂಗಿಗಳು. ಸಂವಿಧಾನ ಬರೆಯುವ ಅರಬರು ಸಿನೆಮಾಕ್ಕೆ ಒಗ್ಗುವುದಿಲ್ಲವೇನೋ.

ಇಷ್ಟು ಹೇಳಿ ನಿಲ್ಲಿಸಿದರೆ ಪಾಶ್ಚಾತ್ಯರನ್ನು ಬೈದ ಸಮಾಧಾನ ಸಿಗುತ್ತಿತ್ತು. ಆದರೆ ನಮ್ಮ ಕಡೆಯ ಕತೆಯನ್ನೂ ಕೆದಕಬೇಕಾಗಿದೆ. ಲಾರೆನ್ಸ್ ಎಂಬೊಬ್ಬ ಬೇಹುಗಾರ ಇಡೀ ಒಂದು ಸಾಮ್ರಾಜ್ಯವನ್ನು ಉರುಳಿಸಿದನೆಂದು ನಂಬುವವರು ಅರಿವಿಲ್ಲದೆಯೇ ಅವನ ಭಕ್ತರ ಸಾಲಿಗೆ ಸೇರುತ್ತಾರೆ. 1927ರಲ್ಲಿ ಲಾರೆನ್ಸ್ ಹೆಸರು ಬದಲಿಸಿಕೊಂಡು ವಾಯುಪಡೆಯ ಕೆಳದರ್ಜೆಯ ನೌಕರನಾಗಿ ಕರಾಚಿಗೆ ಬಂದಿದ್ದ. ಮರುವರ್ಷ ವಜೀರಿಸ್ತಾನದ ಮೀರಂಶಾಹ್ ಠಾಣೆಯಲ್ಲಿದ್ದ. ಅಷ್ಟರಲ್ಲಿ ಅಫಘಾನಿಸ್ತಾನದ ದೊರೆ ಅಮಾನುಲ್ಲಾ ವಿರುದ್ಧ ದಂಗೆಯೆದ್ದಿತು. ಅದರ ಹಿಂದೆ ಲಾರೆನ್ಸನ ಕೈವಾಡವಿದೆ ಎಂಬ ವದಂತಿ ಎಲ್ಲೆಡೆ ಹಬ್ಬಿ, ಸರಕಾರ ಅವನನ್ನು 1929ರ ಜನವರಿಯಲ್ಲಿ ಇಂಗ್ಲೆಂಡಿಗೆ ಸಾಗಿಸಬೇಕಾಯಿತು. ಮೀರಂಶಾಹ್‌ನಲ್ಲಿ ಆತ ಬಿಡುವಿನ ವೇಳೆ ಮಾಡುತ್ತಿದ್ದ ಕೆಲಸ ಗ್ರೀಕ್ ಮಹಾಕಾವ್ಯ 'ಒಡಿಸ್ಸಿ'ಯ ಅನುವಾದ.

ಬದೂ ಅರಬರಿಗೆ ತಮ್ಮದೇ ಕಾರಣಗಳಿದ್ದವು ಎಂದು ಒಪ್ಪುವುದು ನಮಗೆ ಏಕೆ ಇಷ್ಟು ಕಷ್ಟ? ಹಿಜಾಝ್ ರೈಲನ್ನೇ ತೆಗೆದುಕೊಳ್ಳಿ. 1900ರಲ್ಲಿ ಕೆಲಸ ಆರಂಭವಾಗಿ 1908ರಲ್ಲಿ ಮದೀನಾ ತಲುಪಿದ ಈ ಹಳಿಗೆ ಲೋಕದ ಮುಸ್ಲಿಮರು ದೇಣಿಗೆ ಕೊಟ್ಟರು, ಭಾರತದ ಮುಸ್ಲಿಮರೂ ಕೊಟ್ಟರು. ಹಜ್ಜ್ ಯಾತ್ರಿಕರ ಹಾದಿ ಸುಗಮವಾಗಲೆಂಬುದು ಅವರ ಆಸೆ. ಲಾರೆನ್ಸ್ ಮತ್ತು ಅವನ ಸಂಗಡಿಗರು ಸ್ಫೋಟಿಸಿದ್ದು ಆ ಹಳಿಯನ್ನು. ಇದನ್ನು ನೆನೆದು ಇಲ್ಲಿ ಕುಳಿತವರಿಗೆ ಸಂಕಟವಾಗುವುದು ಸಹಜ. ಆದರೆ ಯಾತ್ರಿಕರಿಗೆ ಒಂಟೆ ಬಾಡಿಗೆಗೆ ಕೊಟ್ಟು, ದಾರಿಯ ರಕ್ಷಣೆಗೆ ಹಣ ಪಡೆದು ತಲೆತಲಾಂತರದಿಂದ ಬದುಕಿದ್ದ ಕಬೀಲಗಳಿಗೆ ಆ ರೈಲು ಹೊಟ್ಟೆಯ ಮೇಲೆ ಹೊಡೆದ ಏಟು. ಅದು ತುರ್ಕಿ ಸೈನಿಕರನ್ನೂ ತೆರಿಗೆ ಅಧಿಕಾರಿಗಳನ್ನೂ ಮನೆ ಬಾಗಿಲಿಗೆ ತಂದಿತು. ಲಾರೆನ್ಸ್ ಬರುವ ಮುಂಚೆಯೇ ಅವರು ಅದನ್ನು ದ್ವೇಷಿಸುತ್ತಿದ್ದರು. ಬ್ರಿಟಿಷರ ಚಿನ್ನದ ನಾಣ್ಯಗಳನ್ನು ಅವರು ತೆಗೆದುಕೊಂಡರು, ನಿಜ. ಅಕಬಾದ ನಂತರ ಔದಾ ತುರ್ಕಿಯರೊಡನೆಯೂ ಪತ್ರ ವ್ಯವಹಾರ ನಡೆಸಿದ. ಸೈಕ್ಸ್–ಪಿಕೋ ಗುಟ್ಟು 1917ರ ಕೊನೆಗೆ ರಟ್ಟಾದ ಮೇಲೆ ಫೈಸಲ್ ಕೂಡ ತುರ್ಕಿಯರ ಜೊತೆ ಸಂಪರ್ಕ ಇರಿಸಿಕೊಂಡಿದ್ದರು. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿಬಿದ್ದವರು ಮಾಡುವ ಲೆಕ್ಕಾಚಾರ ಇದು. ಅದರಲ್ಲಿ ಅವರು ಸೋತಿರಬಹುದು, ತಪ್ಪಿರಬಹುದು. ಆದರೆ ಗೊಂಬೆಗಳಂತೂ ಆಗಿರಲಿಲ್ಲ.

ದ್ರೋಹದ ಮಾತು ಬಂದಾಗ ಇನ್ನೊಂದನ್ನೂ ನೆನೆಯಬೇಕು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವೊಂದಿದೆ. ಮೈಸೂರು ಸಂಸ್ಥಾನದ ಈ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಹೈಫಾವನ್ನು ತುರ್ಕಿಯರಿಂದ ಗೆದ್ದಿತು, ಮುಂದಿನ ತಿಂಗಳು ಅಲೆಪ್ಪೊದ ಬಳಿಯೂ ಕಾದಿತು. ಆ ಸವಾರರಲ್ಲಿ ಮುಸ್ಲಿಮರೂ ಇದ್ದರು. ಅವರಿಗೆ ನಾವು ಯಾರೂ ಖಿಲಾಫತಿನ ದ್ರೋಹಿಗಳೆಂದು ಹೆಸರಿಟ್ಟಿಲ್ಲ, ಇಡುವುದೂ ಬೇಡ. ಸಂಬಳಕ್ಕೆ ಸೇರಿದರು, ದೊರೆಯ ಅಪ್ಪಣೆಗೆ ಹೋದರು ಎಂದು ಅರ್ಥಮಾಡಿಕೊಳ್ಳುತ್ತೇವೆ. ಹುವೈತಾತ್ ಕಬೀಲದವನಿಗೆ ಮಾತ್ರ ಆ ರಿಯಾಯಿತಿ ಇಲ್ಲ.

ಹಾಗಾದರೆ ಹೊರಗಿನವನೊಬ್ಬ ಈ ಜನರ ಬಗ್ಗೆ ಬೇರೆ ರೀತಿಯಲ್ಲಿ ಬರೆಯಲು ಸಾಧ್ಯವಿಲ್ಲವೇ? ಮುಹಮ್ಮದ್ ಅಸದ್ ಅವರ 'ದಿ ರೋಡ್ ಟು ಮಕ್ಕಾ' (1954) ನೆನಪಾಗುತ್ತದೆ. ಯಹೂದಿ ಕುಟುಂಬದಲ್ಲಿ ಲಿಯೋಪೋಲ್ಡ್ ವೈಸ್ ಆಗಿ ಹುಟ್ಟಿ 1926ರಲ್ಲಿ ಇಸ್ಲಾಮ್ ಸ್ವೀಕರಿಸಿದ ಇವರೂ ವರ್ಷಗಟ್ಟಲೆ ಒಂಟೆಯ ಮೇಲೆ ಅಲೆದವರು. ಇವರನ್ನು ನಿಷ್ಕಳಂಕ ಸಂತನನ್ನಾಗಿ ಮಾಡಬೇಕಿಲ್ಲ. ಇಬ್ನ್ ಸಊದ್ ಪರವಾಗಿ ಇವರೂ ಗುಟ್ಟಿನಲ್ಲಿ ಕುವೈತಿಗೆ ಹೋಗಿ, ಬಂಡೆದ್ದ ಬದೂಗಳಿಗೆ ಬಂದೂಕು–ಹಣ ಎಲ್ಲಿಂದ ಬರುತ್ತಿದೆಯೆಂದು ಪತ್ತೆ ಹಚ್ಚಿದರು. ಅದೂ ಬೇಹುಗಾರಿಕೆಯೇ. ಆದರೆ ಅವರ ಪುಸ್ತಕದಲ್ಲಿ ಝೈದ್ ಎಂಬ ಸಂಗಾತಿಯಿದ್ದಾನೆ. ಅವನು ಲೇಖಕನ ಎದುರು ಮನುಷ್ಯನಂತೆ ಮಾತನಾಡುತ್ತಾನೆ, ಲೇಖಕ ಅವನಿಂದ ಕಲಿಯುತ್ತಾನೆ. ಲಾರೆನ್ಸನ ಪುಟಗಳಲ್ಲಿ ನೂರಾರು ಬದೂಗಳು ಬಂದು ಹೋಗುತ್ತಾರೆ, ಅದ್ಭುತವಾಗಿ ಚಿತ್ರಿತರಾಗುತ್ತಾರೆ. ಒಬ್ಬನೂ ಲೇಖಕನನ್ನು ತಿದ್ದುವುದಿಲ್ಲ. ಹದಿನಾಲ್ಕನೇ ಶತಮಾನದಲ್ಲೇ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಮರಳುಗಾಡಿನ ಕಬೀಲಗಳನ್ನು ರಾಜ್ಯಗಳನ್ನು ಕಟ್ಟುವ, ಕೆಡಹುವ ಶಕ್ತಿಯಾಗಿ ಕಂಡಿದ್ದರು. ಅವರನ್ನು ಹೊಗಳಿದರು, ಖಾರವಾಗಿ ಟೀಕಿಸಿದರು ಕೂಡ. ಪವಿತ್ರ ಕುರ್‌ಆನಿನ ತೌಬಾ ಅಧ್ಯಾಯವೂ ಮರುಭೂಮಿಯ ಅರಬರಲ್ಲಿ ಕಪಟಿಗಳನ್ನೂ ನಿಜ ವಿಶ್ವಾಸಿಗಳನ್ನೂ ಬೇರ್ಪಡಿಸಿ ಹೇಳುತ್ತದೆ. ಎಲ್ಲ ಬದೂಗಳಿಗೂ ಒಂದೇ ಬಣ್ಣ ಹಚ್ಚುವುದು ನಮ್ಮ ಪರಂಪರೆಯ ಕೆಲಸವಲ್ಲ.

ಔದಾ 1924ರಲ್ಲಿ ತೀರಿಕೊಂಡ. ಅವನ ಹುವೈತಾತ್ ಜನ ಈಗಲೂ ಜೋರ್ಡಾನಿನಲ್ಲಿ, ಸೌದಿ ಅರೇಬಿಯಾದ ವಾಯವ್ಯ ಅಂಚಿನಲ್ಲಿ ಇದ್ದಾರೆ. 2017ರಲ್ಲಿ ಸೌದಿ ಸರಕಾರ ಅಕಬಾ ಕೊಲ್ಲಿಯ ದಡದಲ್ಲಿ ನಿಯೋಮ್ ಎಂಬ ಹೊಸ ನಗರದ ಯೋಜನೆ ಘೋಷಿಸಿತು. ಅದಕ್ಕಾಗಿ ಹಳ್ಳಿಗಳನ್ನು ತೆರವುಗೊಳಿಸುವಾಗ ಈ ಕಬೀಲದವರೂ ಮನೆ ಬಿಡಬೇಕಾಯಿತು. 2020ರ ಏಪ್ರಿಲಿನಲ್ಲಿ ಒಬ್ಬ ಹುವೈತಾತ್ ವ್ಯಕ್ತಿ ತಾನು ಊರು ಬಿಡುವುದಿಲ್ಲ ಎಂದು ಪಟ್ಟುಹಿಡಿದ, ಭದ್ರತಾ ಪಡೆಯ ಗುಂಡಿಗೆ ಬಲಿಯಾದ. ಆತನೇ ಮೊದಲು ಗುಂಡು ಹಾರಿಸಿದನೆಂದು ಸರಕಾರ ಹೇಳಿತು, ಅವನ ಕಡೆಯವರು ಅದನ್ನು ಒಪ್ಪಲಿಲ್ಲ. ಇಲ್ಲಿ ಬೈಯಲು ಯಾವ ಆಂಗ್ಲನೂ ಇಲ್ಲ. ಸಾಯುವ ಮೊದಲು ಆತ ತಾನೇ ವೀಡಿಯೊ ಮಾಡಿ ಹರಿಯಬಿಟ್ಟಿದ್ದ. ತನ್ನ ಮನೆಯಲ್ಲಿ ಆಯುಧಗಳನ್ನು ಇಟ್ಟು, ತನ್ನನ್ನು ಉಗ್ರನೆಂದು ಕರೆಯಬಹುದು ಎಂದು ಅದರಲ್ಲಿ ಮುಂಚಿತವಾಗಿಯೇ ಹೇಳಿದ್ದ.